ಟೋಪಿ ಬಿಟ್ಟು ಹೋದ ಏಕಾರ್ನ್

“ರಾಧಾಬಾಯಿ, ನಮ್ಮ ಮನಿಯೊಳಗ ಕಳವಾಗೇದ್ರಿ!”

ನೆರೆಮನೆಯ ನೀಲಿಮಾ ಏದುಸಿರು ಬಿಡುತ್ತ ಬಂದಾಗ ರಾಧಾಬಾಯಿ ಮತ್ತು ನಾನು ಚಹಾ ಕುಡಿಯುತ್ತಿದ್ದೆವು. ಪುಣೆಯ ಕೋಥರೂಡದಲ್ಲಿರುವ ನಮ್ಮ ವಸತಿ ಸೊಸೈಟಿಯಲ್ಲಿ ಏನೇ ಕಳೆದರೂ ಜನ ಮೊದಲು ಬಡಿಯುತ್ತಿದ್ದದ್ದು ನನ್ನ ಪಕ್ಕದ ಮನೆಯ ರಾಧಾಬಾಯಿಯ ಬಾಗಿಲನ್ನೇ. ಅವರ ಬೆನ್ನಿಗೆ ನಾನು ಹೋಗುತ್ತಿದ್ದೆ.

“ಏನು ಹೋಗೇದ?” ಎಂದರು ರಾಧಾಬಾಯಿ.

“ಏಕಾರ್ನ್! ನಾಳೆ ನನ್ನ ಮಗಳು ಪುಟ್ಟಿ ಸಾಲಿಯೊಳಗ ‘ಎ ಫಾರ್ ಏಕಾರ್ನ್’ ಅಂತ ತೋರಸಬೇಕು. ನನ್ನ ತಂಗಿ ಸೋನಾಲಿ ಮಸೂರಿಯಿಂದ ಒಂದೇ ಒಂದು ತಂದಿದ್ಲು. ಆ ರಂಗೂಬಾಯಿನ ತಗೊಂಡಾಳ. ಕಸಾ ಹೊಡದಾಕಿ ಅಕಿನ.”

ರಂಗೂಬಾಯಿ ಸೊಸೈಟಿಯ ಅರ್ಧ ಮನೆಗಳಲ್ಲಿ ಕೆಲಸಕ್ಕಿದ್ದಳು. ಕಳ್ಳಿ ಎನಿಸಿಕೊಂಡರೆ ಸಂಜೆಯೊಳಗೆ ಎಲ್ಲ ಬಾಗಿಲೂ ಮುಚ್ಚುತ್ತಿದ್ದವು.

“ಏಕಾರ್ನ್ ಅಂದ್ರ ಓಕ್ ಮರದ ಬೀಜ,” ಎಂದು ನಾನು ವಿವರಿಸಿದೆ. “ಕನ್ನಡದಾಗ ಅದಕ್ಕ ಹೆಸರಿಲ್ಲ.”

“ಹೆಸರು ಇರಲಿ ಬಿಡು. ನೋಡಲಿಕ್ಕೆ ಹೆಂಗದ?” ಎಂದು ರಾಧಾಬಾಯಿ ಕೇಳಿದರು.

“ಕಂದು ಬಣ್ಣ, ಗುಂಡಗ, ತಲಿಗೆ ಟೋಪಿ,” ಎಂದಳು ನೀಲಿಮಾ.

ನಾವು ಅವಳ ಮನೆಗೆ ಹೋದಾಗ ಕಿಟಕಿಯಲ್ಲಿ ಆ ಟೋಪಿಯೊಂದೇ ಬಿದ್ದಿತ್ತು. ನೀಲಿಮಾಳ ಮಾವ ಪ್ರಲ್ಹಾದರಾಯರು ಗಣಪತಿ ಪೂಜೆ ಮುಗಿಸಿ ಕುಳಿತಿದ್ದರು. ಮೂಲೆಯಲ್ಲಿ ರಂಗೂಬಾಯಿ ಅಳುತ್ತಿದ್ದಳು.

“ಪೂಜಿಗೆ ಏನೇನು ತಂದಿ?” ಎಂದು ರಾಧಾಬಾಯಿ ಅವಳನ್ನು ಕೇಳಿದರು.

“ಎಲಿ, ಹೂವು, ಬಾಳೆಹಣ್ಣು, ಕರ್ಪೂರ. ಅಂಗಡ್ಯಾಗ ಅಷ್ಟ ಇತ್ರಿ.”

ರಾಧಾಬಾಯಿ ಎಲ್ಲರನ್ನೂ ದೇವರ ಮುಂದೆ ಕೂಡಿಸಿದರು.

“ಕಳ್ಳರಾಗಿದ್ರ ಟೋಪಿ ಸಮೇತ ಒಯ್ತಿದ್ರು. ಟೋಪಿ ಕಿತ್ತವರ ಕಣ್ಣಿಗೆ ಅದು ಬ್ಯಾರೆ ಏನೋ ಕಂಡದ. ನೀವೆಲ್ಲಾ ಏಕಾರ್ನ್ ಹುಡುಕಿದ್ರಿ. ಪೂಜಿ ಮನಿಯೊಳಗ ಗುಂಡನ್ನ ಕಾಯಿ ಯಾತಕ್ಕ ಬೇಕು ಅಂತ ನಾ ಹುಡುಕಿದೆ. ಗಣಪತಿ ಅಂತ ಎಲಿ ಮ್ಯಾಲೆ ಅಡಿಕಿ ಇಡತೀವಿ. ರಂಗೂಬಾಯಿ ಅಡಿಕಿ ತಂದಿಲ್ಲ. ರಾಯರ, ಹಂಗಾದ್ರ ಅಲ್ಲಿ ಕೂತಾವ ಯಾರು?”

ರಾಯರು ಕನ್ನಡಕ ಏರಿಸಿ ಬಗ್ಗಿದರು. ಕುಂಕುಮದಲ್ಲಿ ಮುಳುಗಿದ ಗಣಪತಿಯ ತಲೆ ಯಾಕೋ ಚೂಪಾಗಿತ್ತು.

“ಕಿಟಕಿಯೊಳಗ ಸಿಕ್ಕಿತ್ತು... ಅಡಿಕಿ ಅಂತ ತಿಳಿದು ತೊಟ್ಟು ತಗದು ಇಟ್ಟೆ.”

“ಅಜ್ಜಾ, ನನ್ನ ಏಕಾರ್ನ್!” ಪುಟ್ಟಿ ಕೈ ಚಾಚಿದಳು.

“ಮುಟ್ಟಬ್ಯಾಡ! ಈಗ ಅದು ದೇವರು!”

“ಅಕ್ಷತಿ ಹಾಕಿ ಬೀಳ್ಕೊಡ್ರಿ,” ಎಂದರು ರಾಧಾಬಾಯಿ. “ದೇವರೂ ಒಂದು ದಿನ ಸಾಲಿ ಕಲೀಲಿ.”

ನೀಲಿಮಾ ತಲೆ ತಗ್ಗಿಸಿದಳು. “ರಂಗೂಬಾಯಿ, ತಪ್ಪಾತು.”

“ಕಳ್ಳಿ ಅಂದಿದ್ದು ಬಾಲ್ಕನ್ಯಾಗ ನಿಂತು. ತಪ್ಪಾತು ಅನ್ನೂದೂ ಅಲ್ಲೇ ಆಗ್ಲಿ, ಬಾಯಾರ!” ಎಂದಳು ರಂಗೂಬಾಯಿ.

ನೀಲಿಮಾ ಬಾಲ್ಕನಿಗೆ ಹೋಗಿ ಗಂಟಲು ಸರಿಮಾಡಿಕೊಂಡು ಕೂಗಿದಳು: “ರಂಗೂಬಾಯಿ ತಗೊಂಡಿಲ್ರೀ!”

“ಮತ್ತ ಯಾರು ತಗೊಂಡ್ರು?” ಎಂದು ಕೆಳಗಿನಿಂದ ಯಾರೋ ಕೇಳಿದರು.

ರಾಯರು ಮೆಲ್ಲಗೆ ಎದ್ದು ಬಚ್ಚಲಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು.