ಕೊನೆಯ ಸೀರೆಯ ಹೆಸರು

“ಈ ಎಸ್ರಿನ ಮೇಲೆ ಗೀಟು ಎಳೆದೋರು ಯಾರು ಸಾರ್?”

ಸೇಲಂ ಹತ್ತಿರದ ಓಮಲೂರು ಬಸ್ ನಿಲ್ದಾಣದ ಹಿಂದಿನ ಬೀದಿ. ಮರ ಸುಟ್ಟ ವಾಸನೆ ತುಂಬಿದ ಪುಟ್ಟ ಅಂಗಡಿ. ಕಲೈವಾಣಿ ಮೇಜಿನ ಮೇಲಿದ್ದ ಹೆಸರುಗಳ ಪಟ್ಟಿಯನ್ನು ಎತ್ತಿ ಅಲ್ಲೇ ಬಡಿದಿಟ್ಟಳು. ಒಳಗೆ ಬಂದಾಗ ತಮಿಳಿನಲ್ಲೇ ಮಾತು ಶುರು ಮಾಡಿದ್ದಳು. ಸಿಟ್ಟು ನೆತ್ತಿಗೇರಿದ್ದೇ ತಡ, ಬಾಯಿ ತಾನಾಗಿ ಮನೆಮಾತಿಗೆ, ‘ಹೆಸರು’ ‘ಎಸ್ರು’ ಆಗುವ ಕನ್ನಡಕ್ಕೆ ಹೊರಳಿತ್ತು.

ಕಂಪ್ಯೂಟರ್ ಮುಂದೆ ಕೂತಿದ್ದವನು ತಲೆ ಎತ್ತಿದ. ಅಶ್ವತ್ಥ್. ಹರೂರು ಕಡೆಯ ರೈತರ ಮನೆಯವನು. ಮರದ ತುಂಡುಗಳ ಮೇಲೆ ಲೇಸರ್ ಯಂತ್ರದಿಂದ ಹೆಸರು ಕೊರೆದು ಬಿಲ್ಲೆ ಮಾಡಿಕೊಡುವುದು ಅವನ ಕಸುಬು. ಮನೆ ಬಾಗಿಲಿಗೆ, ಶಾಲೆಯ ಚೀಲಕ್ಕೆ, ಶಂಕಗಿರಿಯ ಲಾರಿಗಳಿಗೆ... ಹೆಸರು ಬೇಕಾದವರೆಲ್ಲ ಅವನ ಹತ್ತಿರ ಬರುತ್ತಿದ್ದರು.

“ಮುತ್ತುಸ್ವಾಮಿಯವರು ಫೋನ್ ಮಾಡಿ ತೆಗೀರಿ ಅಂದ್ರು,” ಅವನೂ ಕನ್ನಡದಲ್ಲೇ ಹೇಳಿದ. “ಯಾಕೆ ಅಂತ ಏಳ್ಲಿಲ್ಲ.”

“ನಾನು ಏಳ್ತೀನಿ ಕೇಳಿ. ಆ ಎಸ್ರಿನೋರು ಸತ್ತೋಗಿದ್ದಾರೆ. ಇಪ್ಪತ್ತು ದಿವ್ಸ ಆಯ್ತು. ಅವರು ನಮ್ಮಪ್ಪ!”

ಅವನ ಕೈ ಮೌಸ್ ಮೇಲೆಯೇ ನಿಂತುಬಿಟ್ಟಿತು.

“ವಿಶ್ವನಾಥನ್ ಅವರು... ಓಗ್ಬಿಟ್ರಾ?”

“ನಿಮಗೆ ನಮ್ಮಪ್ಪ ಗೊತ್ತಾ?”

“ಇಲ್ಲ... ಲಿಸ್ಟಲ್ಲಿ ಎಸ್ರು ನೋಡಿದ್ದೆ, ಅಷ್ಟೇ.”

ಸುಳ್ಳು! ಆದರೆ ಅದು ಸುಳ್ಳೆಂದು ಹಿಡಿಯುವಷ್ಟು ಸಮಾಧಾನ ಆ ಹೊತ್ತಿನಲ್ಲಿ ಕಲೈವಾಣಿಗೆ ಎಲ್ಲಿತ್ತು?

ವಿಷಯ ಇಷ್ಟೇ. ಚೆನ್ನೈನ ಬಟ್ಟೆ ಅಂಗಡಿಯೊಂದು ಸೇಲಂನ ಗುಗೈ ಬಡಾವಣೆಯ ನೇಕಾರರಿಗೆ ಇಪ್ಪತ್ತು ರೇಷ್ಮೆ ಸೀರೆ ನೇಯಲು ಹೇಳಿತ್ತು. ಎಲ್ಲವೂ ಮದುವೆ ಸೀರೆಗಳು. ಪ್ರತಿ ಸೀರೆಯ ಜೊತೆ ನೇಯ್ದವರ ಹೆಸರಿನ ಮರದ ಬಿಲ್ಲೆ ಇರಲೇಬೇಕು ಎಂದಿದ್ದರು. ಪಟ್ಟಿ ಮಾಡಿ ಓಮಲೂರಿಗೆ ಕಳಿಸಿದವರು ಕಲೈವಾಣಿಯ ದೊಡ್ಡಪ್ಪ ಮುತ್ತುಸ್ವಾಮಿ.

ವಿಶ್ವನಾಥನ್ ಮೂವತ್ತೈದು ವರ್ಷ ಮಗ್ಗದಲ್ಲಿ ಕೂತವರು. ಒಂದು ಸೀರೆಯ ಮೇಲೂ ಅವರ ಹೆಸರು ಬಂದಿರಲಿಲ್ಲ. ಇದೇ ಮೊದಲು. ಸೀರೆ ಮುಕ್ಕಾಲು ಪಾಲು ಮುಗಿದಿತ್ತು. ಒಂದು ಬೆಳಿಗ್ಗೆ ಮಗ್ಗದ ಗುಂಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದವರು ಮತ್ತೆ ಏಳಲಿಲ್ಲ.

ಉಳಿದದ್ದನ್ನು ಈಗ ಮಗಳು ನೇಯುತ್ತಿದ್ದಾಳೆ. ಆದರೆ ದೊಡ್ಡಪ್ಪ, “ಮದುವೆ ಸೀರೆ ಕಣಮ್ಮಾ. ಸತ್ತೋರ ಎಸ್ರು ತಗುಲಾಕಿ ಕಳಿಸೋಕಾಯ್ತದಾ?” ಎಂದು ತಮ್ಮನ ಹೆಸರು ತೆಗೆಸಿಬಿಟ್ಟಿದ್ದರು.

“ದೊಡ್ಡಪ್ಪಂಗೆ ನಾನು ಏಳ್ಕೊಳ್ತೀನಿ,” ಎಂದಳು ಕಲೈವಾಣಿ. ಸಿಟ್ಟು ಇಳಿಯುತ್ತಾ ಬಂದಿತ್ತು. “ನೀವು ನಮ್ಮಪ್ಪನ ಎಸ್ರು ಮಾಡ್ಕೊಡಿ. ಅವರು ನೇಯ್ದ ಕೊನೇ ಸೀರೆ ಸಾರ್... ಅದ್ರಲ್ಲೂ ಅವರ ಎಸ್ರು ಬೇಡ ಅಂದ್ರೆ ಎಂಗೆ?”

ಅಶ್ವತ್ಥ್ ಪಟ್ಟಿಯನ್ನು ಮಡಚಿ ಡ್ರಾಯರ್‌ಗೆ ಹಾಕಿದ.

“ಮಾಡ್ಕೊಡ್ತೀನಿ. ಸೀರೆ ಮಗ್ಗದಿಂದ ಇಳಿದ ದಿವ್ಸ ನನಗೊಂದು ಫೋನ್ ಮಾಡಿ. ನಾನೇ ಮನೆಗೆ ತತ್ತೀನಿ.”

ಮೂರು ದಿನ ಬಿಟ್ಟು ಅವನು ಮಾದರಿ ನೋಡಲು ಕರೆದ. ತೇಗ, ಬೇವು, ಹಲಸು... ಮೂರು ಮರದ ಬಿಲ್ಲೆ ಸಾಲಾಗಿ ಇಟ್ಟಿದ್ದ. ಎರಡು ಬೆರಳಿನ ಅಗಲ, ಮೇಲೆ ದಾರಕ್ಕೊಂದು ತೂತು.

ಕಲೈವಾಣಿ ಒಂದನ್ನು ಎತ್ತಿ ತನ್ನ ಬಿಳಿ ಕರವಸ್ತ್ರಕ್ಕೆ ಉಜ್ಜಿದಳು. ಕಪ್ಪು ಗೆರೆ ಮೂಡಿತು.

“ನೋಡಿ. ಲೇಸರ್ ಸುಟ್ಟ ಮಸಿ. ಇದು ರೇಷ್ಮೆಗೆ ತಾಗಿದ್ರೆ ಓಗೋದೇ ಇಲ್ಲ.”

“ಅಡ ಕಡವುಳೇ, ದೇವ್ರೇ! ಇದು ನನಗೆ ಒಳೀಲೇ ಇಲ್ಲ.”

“ಈ ಮೂಲೆನೂ ಚೂಪಾಗೈತೆ. ಎಳೆ ಸಿಕ್ಕಾಕ್ಕೊಂಡು ಕಿತ್ತು ಬತ್ತದೆ. ದುಂಡಗೆ ಮಾಡ್ಬೇಕು.”

“ಇಪ್ಪತ್ತನ್ನೂ ಕೈಯಲ್ಲೇ ಉಜ್ಜಿ ಎಣ್ಣೆ ಹಾಕ್ತೀನಿ. ಆಯ್ತಾ?”

ಅವನು ಮರಳುಕಾಗದ ತೆಗೆದು ಅಲ್ಲೇ ಉಜ್ಜಲು ಕೂತ. ಮರದ ಪುಡಿ ಮೀಸೆಯ ಮೇಲೆಲ್ಲ ಉದುರಿತು. ಅಪ್ಪ ಹೋದ ಮೇಲೆ ಮೊದಲ ಸಲ ಅವಳಿಗೆ ನಗು ಬಂತು.

ಹಲಸಿನ ಮರ ಆಯ್ಕೆಯಾಯಿತು. ಅಕ್ಷರ ತಮಿಳಿನವೇ, ಮನೆಯಲ್ಲಿ ಮಾತು ಕನ್ನಡವಾದರೂ ಕನ್ನಡ ಅಕ್ಷರ ಕಲಿತವರು ಇಬ್ಬರ ಮನೆಯಲ್ಲೂ ಇರಲಿಲ್ಲ. ಅಕ್ಷರ ಎಷ್ಟು ದಪ್ಪ, ಎಷ್ಟು ಆಳ ಎಂದು ಕೇಳುವ ನೆಪದಲ್ಲಿ ಅವನ ಫೋನ್ ಬರುತ್ತಿತ್ತು. ಅಪ್ಪನ ಬಗ್ಗೆ ಕೇಳುತ್ತಿದ್ದ. ಅಪ್ಪ ಲಾಳಿ ಹೊಡೆಯುವ ಲಯಕ್ಕೆ ಗುನುಗುತ್ತಿದ್ದದ್ದು, ಒಂದು ಎಳೆ ತಪ್ಪಿದರೂ ಊಟ ಬಿಟ್ಟು ಕೂರುತ್ತಿದ್ದದ್ದು... ಎಲ್ಲ ಹೇಳುತ್ತಿದ್ದಳು. ಅವನು ಕೇಳುತ್ತಾ ಕೇಳುತ್ತಾ ಒಮ್ಮೊಮ್ಮೆ ಪೂರ್ತಿ ಮೌನವಾಗಿಬಿಡುತ್ತಿದ್ದ.

‘ಯಾಕೆ ಹೀಗೆ ಸುಮ್ಮನಾಗ್ತಾನೆ? ನನ್ನ ಅಳು ಕೇಳಿ ಬೇಜಾರಾಯ್ತೇನೋ...’

ಮರುಕ್ಷಣವೇ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ‘ಅಪ್ಪ ಹೋಗಿ ಇನ್ನೂ ಎಷ್ಟು ದಿನ? ಇವನ ಫೋನ್‌ಗೆ ಕಾಯ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ!’

ಆದರೂ ಕಾಯುತ್ತಿದ್ದಳು. ಮನಸ್ಸು ಯಾರ ಮಾತು ಕೇಳುತ್ತದೆ, ಹೇಳಿ?

ಸೀರೆ ಮುಗಿದ ದಿನ ಬೆಳಿಗ್ಗೆ ತಾಯಿ ಶಾರದ ಮಗ್ಗಕ್ಕೆ ಅರಿಸಿನ ಕುಂಕುಮ ಇಟ್ಟರು. ಕಲೈವಾಣಿ ಸೀರೆಯನ್ನು ಕತ್ತರಿಸಿ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಅಶ್ವತ್ಥ್‌ಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಪೊಟ್ಟಣ.

“ಓಮಲೂರಿಗೆ ಬೇರೆ ಕೆಲ್ಸಕ್ಕೆ ಓಗಿದ್ದೆ. ಆ ಉಡುಗ ಮರ ತರೋಕೆ ಧರ್ಮಪುರಿಗೆ ಓಗಿದ್ನಂತೆ. ಕೀ ಇಟ್ಕೊಂಡಿದ್ದ ಪಕ್ಕದ ಟೀ ಅಂಗಡಿಯೋನು ತಗೊಂಡೋಗಿ ಅಂತ ತೆಗೆದು ಕೊಟ್ಟ.” ಒಂದು ಬಿಲ್ಲೆ ತೆಗೆದು ಅವಳ ಮುಂದೆ ಹಿಡಿದರು. “ಅಪ್ಪನ ಎಸ್ರು ಬೇಕು ಅಂತ ನನ್ನ ಮುಂದೆ ಅಷ್ಟು ಅತ್ತೆ. ಕೊನೆಗೆ ನಿನ್ನ ಎಸ್ರೇ ಹಾಕ್ಸ್ಕೊಂಡ್ಯಲ್ಲಮ್ಮಾ.”

ಕಲೈವಾಣಿ.

ಹಲಸಿನ ಮರದ ಮೇಲೆ, ಅವಳೇ ಹೇಳಿದ ಅಳತೆಯ ಅಕ್ಷರದಲ್ಲಿ, ಅವಳದೇ ಹೆಸರು! ಪೊಟ್ಟಣವನ್ನು ಎರಡು ಸಲ ಹುಡುಕಿದಳು. ಅಪ್ಪನ ಹೆಸರು ಎಲ್ಲೂ ಇರಲಿಲ್ಲ.

ಮುಂದಿನ ಬಸ್ಸಿಗೇ ಓಮಲೂರಿಗೆ ಹೊರಟಳು. ದಾರಿಯುದ್ದಕ್ಕೂ ಅಶ್ವತ್ಥ್‌ನ ಫೋನ್ ಬರುತ್ತಲೇ ಇತ್ತು. ಅವಳು ಕತ್ತರಿಸುತ್ತಲೇ ಇದ್ದಳು.

“ನಮ್ಮೋರ ಮುಂದೆ ನನ್ನ ಮಾನ ತೆಗೆದ್ರಲ್ಲ! ಅಪ್ಪನ ಎಸ್ರು ಅಳಿಸಿ ನನ್ನ ಎಸ್ರು ಬರೀರಿ ಅಂತ ನಾನು ಏಳಿದ್ನಾ? ಯಾರು ಏಳಿದ್ದು ನಿಮಗೆ?”

ಆಗಷ್ಟೇ ಧರ್ಮಪುರಿಯಿಂದ ಅಂಗಡಿಗೆ ಮರಳಿದ್ದ ಅಶ್ವತ್ಥ್ ಎದ್ದು ನಿಂತ.

“ನಿಮ್ಮಪ್ಪ.”

“...ಏನು?”

“ಎರಡು ತಿಂಗಳ ಕೆಳಗೆ ಇಲ್ಲಿಗೆ ಬಂದಿದ್ರು. ಇದೇ ಬೆಂಚಲ್ಲಿ ಕೂತಿದ್ರು. ಲಿಸ್ಟಲ್ಲಿ ನನ್ನ ಎಸ್ರಿರ್ಲಿ, ಬಿಲ್ಲೇಲಿ ಮಗಳ ಎಸ್ರು ಹಾಕು ಅಂದ್ರು.” ಅವನು ಡ್ರಾಯರ್‌ನಿಂದ ಒಂದು ಚೀಟಿ ತೆಗೆದುಕೊಟ್ಟ.

ಅಪ್ಪನ ಕೈಬರಹ! ಅಪ್ಪ ಅವಳ ಹೆಸರು ಬರೆದದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅಕ್ಷರಗಳು ಸ್ವಲ್ಪ ನಡುಗಿದ್ದವು.

“‘ಹನ್ನೆರಡು ವರ್ಷದಿಂದ ಜರಿ ಅಂಚೆಲ್ಲ ಅವಳೇ ನೇಯ್ತಾಳೆ, ಒಳ್ಳೇ ನೇಕಾರ ಅನ್ನೋ ಮಾತು ಮಾತ್ರ ನನಗೆ’ ಅಂದ್ರು. ಎದೆದು ಆಪರೇಷನ್ ಆಗ್ಬೇಕು ಅಂತ ಡಾಕ್ಟ್ರು ಏಳಿದ್ರಂತೆ. ‘ಈ ಸೀರೆ ಮುಗಿಸೋಳು ಅವಳೇ ತಂಬಿ. ಸೀರೆ ಇಳಿಯೋಗಂಟ ಅವಳಿಗೆ ಏನೂ ಏಳ್ಬೇಡ, ಗೊತ್ತಾದ್ರೆ ನನ್ನನ್ನ ಮಗ್ಗಕ್ಕೆ ಇಳಿಯಾಕೆ ಬಿಡಾಕಿಲ್ಲ’ ಅಂತ ಮಾತು ತಗೊಂಡ್ರು. ಸೀರೆ ಇಳಿದ ದಿವ್ಸ ನಾನೇ ಬಂದು ಏಳ್ಬೇಕು ಅಂತಿದ್ದೆ...”

ಕಲೈವಾಣಿಯ ಕಣ್ಣು ಚೀಟಿಯಿಂದ ನಿಧಾನವಾಗಿ ಮೇಲೆದ್ದಿತು.

“ಅಂದ್ರೆ... ನಿಮಗೆ ಗೊತ್ತಿತ್ತು.”

ಅವನು ತಲೆ ತಗ್ಗಿಸಿದ.

“ಎರಡು ತಿಂಗಳ ಮುಂಚೆನೇ ಗೊತ್ತಿತ್ತು! ಒಂದು ಫೋನ್... ಒಂದೇ ಒಂದು ಫೋನ್ ಮಾಡಿದ್ರೆ ನಾನು ಅವರನ್ನ ಎತ್ಕೊಂಡಾದ್ರೂ ಆಸ್ಪತ್ರೆಗೆ ಓಗ್ತಿದ್ದೆ!”

“ಮಾತು ಕೊಟ್ಟಿದ್ದೆ ಕಲೈ... ಅವರು ಕೊಟ್ಟಿದ್ದ ಮನೆ ನಂಬರಿಗೆ ಮಾಡ್ಲಾ ಬೇಡ್ವಾ ಅಂತ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡೆ...”

“ನಿಮ್ಮ ಮಾತು ಉಳೀತು. ನಮ್ಮಪ್ಪ ಉಳೀಲಿಲ್ಲ.”

ಅಷ್ಟು ಹೇಳಿ ಹೊರಗೆ ಬಂದಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಪಕ್ಕದವರ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು.

ಎರಡು ದಿನ ಅವಳು ಮಗ್ಗದ ಕಡೆ ಹೋಗಲಿಲ್ಲ. ತಟ್ಟೆಯ ಮುಂದೆ ಕೂತು ಹಾಗೇ ಎದ್ದು ಹೋಗುತ್ತಿದ್ದಳು. ಮೂರನೇ ದಿನ ಮಧ್ಯಾಹ್ನ ಶಾರದ ಮಗಳ ಪಕ್ಕ ಬಂದು ಕೂತರು. ಎಲ್ಲವನ್ನೂ ಬಾಯಿ ಬಿಡಿಸಿದರು. ಆಮೇಲೆ ಸೆರಗಿನ ಅಂಚನ್ನು ತಿರುವುತ್ತಾ ಕೇಳಿದರು.

“ಆ ಉಡುಗನ್ನ ಬೈದ್ಯಾ?”

“ಆಮಾ, ಬೈದೆ. ಬೈಯದೆ?”

“ಅಂಗಾದ್ರೆ ನನ್ನನ್ನೂ ಬೈ ಕಲೈ.”

“ಅಮ್ಮಾ...?”

“ಬಟ್ಟೆ ಒಗೆಯೋವಾಗ ಅವರ ಅಂಗಿ ಜೇಬಲ್ಲಿ ಮಾತ್ರೆ ಸಿಕ್ತು. ಕೇಳ್ದೆ. ಆಸ್ಪತ್ರೆಗೆ ನಡೀರಿ ಅಂತ ಕಾಲು ಹಿಡ್ಕೊಂಡೆ. ಆಪರೇಷನ್ ಮೇಜಲ್ಲಿ ಮಲಗಿ ಸಾಯೋಕಿಂತ ಮಗ್ಗದಲ್ಲೇ ಓಗ್ತೀನಿ ಅಂದ್ರು. ನಿನ್ನ ಮೇಲೆ ಆಣೆ ಇಡಿಸ್ಕೊಂಡ್ರು, ನಿನಗೆ ಏಳ್ಬಾರ್ದು ಅಂತ.”

“ನಿನಗೂ ಗೊತ್ತಿತ್ತಾ!” ಕಲೈವಾಣಿ ತಾಯಿಯ ಕಡೆ ತಿರುಗಿದಳು. “ಎಲ್ಲರಿಗೂ ಗೊತ್ತಿತ್ತು... ನಾನೊಬ್ಬಳೇ...”

“ಮೂವತ್ತು ವರ್ಷ ಜೊತೇಲಿದ್ದ ನನ್ನಿಂದಾನೇ ಜಗ್ಗಿಸೋಕಾಗ್ಲಿಲ್ಲ. ಒಂದೇ ದಿವ್ಸ ನೋಡಿದ ಆ ಉಡುಗ ಏನು ಮಾಡ್ತಾನೆ ಏಳು?” ಶಾರದರ ಕಣ್ಣಿಂದ ನೀರು ಇಳಿಯುತ್ತಿತ್ತು. “ದಿನಾ ರಾತ್ರಿ ಅವರ ಎದೆ ಮೇಲೆ ಕೈಯಿಟ್ಟು ಮಲಗ್ತಿದ್ದೆ ಕಲೈ...”

ಕಲೈವಾಣಿ ಬಯ್ಯಲಿಲ್ಲ. ತಾಯಿಯ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಇಬ್ಬರೂ ಒಟ್ಟಿಗೆ ಅತ್ತರು. ಸಾವಿನ ದಿನವೂ ಹಾಗೆ ಅತ್ತಿರಲಿಲ್ಲ.

‘ಅಮ್ಮ ಹೊತ್ತ ಭಾರವನ್ನೇ ಅವನೂ ಹೊತ್ತಿದ್ದ. ಯಾರೂ ಅಲ್ಲದವನು... ನನ್ನ ಜೊತೆ ಮಾತಾಡುವಾಗಲೆಲ್ಲ ಅದಕ್ಕೇ ಸುಮ್ಮನಾಗುತ್ತಿದ್ದನಾ?’

ಸಂಜೆ ಅವಳೇ ಫೋನ್ ಮಾಡಿದಳು.

“ನಾಳೆ ಸೀರೆ ಚೆನ್ನೈಗೆ ಓಗ್ತದೆ. ಬಿಲ್ಲೆ ನೀವೇ ಬಂದು ಕಟ್ಬೇಕು.” ಅವನ ಉತ್ತರಕ್ಕೂ ಕಾಯಲಿಲ್ಲ. ಕಾದಿದ್ದರೆ ಅತ್ತುಬಿಡುತ್ತಿದ್ದಳು.

ಬೆಳಿಗ್ಗೆ ಅಶ್ವತ್ಥ್ ಬಂದಾಗ ದೊಡ್ಡಪ್ಪ ಅಲ್ಲೇ ಇದ್ದರು. ಕಲೈವಾಣಿ ಅಪ್ಪನ ಚೀಟಿಯನ್ನು ಅವರ ಕೈಗಿಟ್ಟಳು.

“ನಾನು ಕೇಳಿ ಹಾಕ್ಸಿದ್ದಲ್ಲ ದೊಡ್ಡಪ್ಪಾ. ಅಪ್ಪ ಹಾಕ್ಸಿದ್ದು.”

ಮುತ್ತುಸ್ವಾಮಿ ತಮ್ಮನ ಅಕ್ಷರವನ್ನು ದಿಟ್ಟಿಸಿ ನೋಡಿದರು. ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡರು. “ಕಟ್ಟು ತಂಬಿ... ಇವಳ ಎಸ್ರೇ ಕಟ್ಟು,” ಎಂದವರು ಹೊರಗೆ ಹೋಗಿ ಜಗುಲಿಯ ಮೇಲೆ ಕೂತುಬಿಟ್ಟರು. ಶಾರದ ಅವರಿಗೆ ನೀರು ತೆಗೆದುಕೊಂಡು ಹೋದರು.

ಬಿಲ್ಲೆ ಕಟ್ಟಿಯಾದ ಮೇಲೆ ಅಶ್ವತ್ಥ್ ಜೇಬಿನಿಂದ ಇನ್ನೊಂದು ತೆಗೆದ. ವಿಶ್ವನಾಥನ್. ಅದೇ ಹಲಸು, ಅದೇ ನುಣುಪು.

“ನಿಮಗೂ ಮಾಡ್ಕೊಡ್ತೀನಿ ಅಂದಿದ್ನಲ್ಲ. ಇದು ಎಲ್ಲಿಗೆ ಅಂತ ಮಾತ್ರ ನನಗೆ ಗೊತ್ತಾಗ್ಲಿಲ್ಲ.”

ಕಲೈವಾಣಿ ಹೆಬ್ಬೆರಳಿನಿಂದ ಅದರ ಅಕ್ಷರಗಳನ್ನು ಸವರಿದಳು. ಆಮೇಲೆ ಮಗ್ಗದ ಹತ್ತಿರ ಹೋಗಿ, ಅಪ್ಪ ಕೂರುತ್ತಿದ್ದ ಕಡೆಯ ಕಂಬಕ್ಕೆ ಕಟ್ಟಿದಳು.

“ಸೀರೆ ಯಾರದೋ ಮನೆಗೆ ಓಗ್ತದೆ. ಮಗ್ಗ ಎಲ್ಲಿಗೂ ಓಗಲ್ಲ. ಇಲ್ಲೇ ಇರ್ಲಿ.”

ಅವನು ತಲೆಯಾಡಿಸಿದ.

“ಅವತ್ತು ಆ ಮಾತು ಆಡಬಾರ್ದಾಗಿತ್ತು,” ಎಂದಳು ಅವಳು.

“ನೀವು ಏಳಿದ್ರಲ್ಲಿ ಸುಳ್ಳಿರ್ಲಿಲ್ಲ. ನಾನು ದಿನಾ ನನಗೇ ಏಳ್ಕೊಂಡಿದ್ದೇ ಅದು.”

“ನನ್ನತ್ರ ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?”

ಅವನು ಮಗ್ಗದ ಕಡೆ ನೋಡಿದ, ನೆಲ ನೋಡಿದ.

“...ಒಂದೈತೆ.”

“ಈ ಸಲ ಯಾರಿಗೆ ಮಾತು ಕೊಟ್ಟಿದ್ದೀರಿ?”

“ಯಾರಿಗೂ ಇಲ್ಲ. ಧೈರ್ಯ ಇರ್ಲಿಲ್ಲ, ಅಷ್ಟೇ.” “ನನಗೆ ನಿಮ್ಮ ಜೊತೆ ಬದುಕ್ಬೇಕು ಅಂತ ಆಸೆ ಕಲೈ. ನಾವು ಒಲ ಉಳೋರು, ನೀವು ನೇಯೋರು. ನಿಮ್ಮೋರು ಒಪ್ತಾರೋ ಇಲ್ವೋ ಗೊತ್ತಿಲ್ಲ. ನೀವು ಬೇಡ ಅಂದ್ರೂ ಸರಿ. ಮುಚ್ಚಿಡೋದು ಮಾತ್ರ ಇನ್ನು ನನ್ನ ಕೈಲಾಗಲ್ಲ.”

ಕಲೈವಾಣಿಯ ಕಣ್ಣು ತುಂಬಿ ಬಂತು.

“ಅಪ್ಪನ ವರ್ಷ ಕಳೀಲಿ. ಆಮೇಲೆ ಬಂದು ಅಮ್ಮನ್ನ ಕೇಳಿ. ದೊಡ್ಡಪ್ಪನ್ನ ನಾನು ನೋಡ್ಕೊಳ್ತೀನಿ. ಆದ್ರೆ... ಒಂದು ಮಾತು.”

“ಏಳಿ.”

“ನಿಮಗೆ ಎದೆ ನೋವು ಬಂದ್ರೆ... ಒಂದು ಸಣ್ಣ ಜ್ವರ ಬಂದ್ರೂ... ನನಗೆ ಏಳ್ಬೇಕು. ಎಲ್ಲರಿಗಿಂತ ಮೊದ್ಲು ನನಗೆ ಏಳ್ಬೇಕು.”

“ಏಳ್ತೀನಿ.”

“ಅಂಗಲ್ಲ. ಮಾತು ಕೊಡಿ.” ಅವಳು ಕೈ ಚಾಚಿದಳು.

ಅಶ್ವತ್ಥ್ ಆ ಅಂಗೈಯ ಮೇಲೆ ತನ್ನ ಕೈಯಿಟ್ಟ.

“ಕೊಟ್ಟೆ ಕಲೈ.”

“ಕೊಟ್ಟ ಮಾತಿಗೆ ನೀವು ತಪ್ಪೋರಲ್ಲ...” ಅಳುವಿನ ನಡುವೆಯೇ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಅದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?”