ಕೆಡವಿದವರೇ ಕಟ್ಟಬೇಕು

"ಏಯ್, ಕೆಡವಿದವರೇ ಕಟ್ಟಬೇಕು. ಅಷ್ಟೂ ಗೊತ್ತಿಲ್ವಾ ನಿಂಗೆ?"

ನೂಲಾ ಸೊಂಟಕ್ಕೆ ಕೈಯಿಟ್ಟು ಗದರಿದಳು. ಆ ಊರಿನ ಹೊಲಗಳಿಗೆ ಗೇಟುಗಳಿಲ್ಲ. ದನ ದಾಟಿಸಬೇಕೆಂದರೆ ಗಾರೆಯಿಲ್ಲದೆ ಪೇರಿಸಿದ ಗೋಡೆಯ ಕಲ್ಲು ಕೆಡವಿ, ಮತ್ತೆ ಜೋಡಿಸಬೇಕು. ತೀರಿಹೋದ ತನ್ನ ಚಿಕ್ಕಪ್ಪನ ಪಕ್ಕದ ಜಮೀನು ನೋಡಿಕೊಳ್ಳಲೆಂದು ಗಾಲ್ವೇ ಪಟ್ಟಣದಿಂದ ಬಂದಿದ್ದ ಫಿಂಟನ್, ತಪ್ಪಿಸಿಕೊಂಡ ಕರು ಹಿಡಿಯಲು ಅವಳ ಗೋಡೆ ಕೆಡವಿ ಹಾಗೇ ಹೊರಟಿದ್ದ.

ಪಾಪ, ಕಟ್ಟಿದ. ಮೂರು ಸಲ ಬಿತ್ತು. ನಾಲ್ಕನೇ ಸಲ ಇವಳೇ ನಗು ತಡೆಯಲಾರದೆ ಕೈಹಚ್ಚಿದಳು.

ಬೇಸಿಗೆಯಲ್ಲಿ ಹುಲ್ಲು ಕೊಯ್ಯಲು ಊರೆಲ್ಲ ಅವಳ ಹೊಲಕ್ಕೆ ಮುಯ್ಯಾಳಾಗಿ ಬಂತು. ಫಿಂಟನ್ ಅದೇ ಜಾಗ ಕೆಡವಿಕೊಂಡು ಬಂದ. ಕಟ್ಟುವುದನ್ನು ಬೇಕೆಂದೇ ಮರೆತ! ಆಮೇಲೆ ದಿನಾ ಸಂಜೆ ಅದೇ ಸಂದಿಯಿಂದ ಅವಳ ಅಜ್ಜಿ ಡೀಲಿಯಾಳ ಅಡುಗೆಮನೆಗೆ ಚಹಾ ಕುಡಿಯಲು ಹಾಜರು. ನೂಲಾಳ ಕಣ್ಣು ನಾಲ್ಕು ಗಂಟೆಯಿಂದಲೇ ಆ ಸಂದಿಯ ಮೇಲೆ.

ಸೆಪ್ಟೆಂಬರಿನ ಒಂದು ಭಾನುವಾರ ನೋಡಿದರೆ... ಸಂದಿ ಇಲ್ಲ. ಬೆರಳು ತೂರದಷ್ಟು ಗಟ್ಟಿಯಾಗಿ ಕಟ್ಟಿಬಿಟ್ಟಿದ್ದಾನೆ.

'ಅಂದರೆ ಇನ್ನು ಬರಲ್ಲ ಅಂತಾನಾ?' ಅಂದುಕೊಂಡಳು.

ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಕಲ್ಲುಗಳನ್ನು ಒಂದೊಂದಾಗಿ ಎಳೆದು ಬಿಸಾಕಿ, ಅವನ ಮನೆಗೆ ಓಡಿದಳು. ಬಾಗಿಲಿಗೆ ಬೀಗ. ಗಾಲ್ವೇಗೆ ಹೋಗೇಬಿಟ್ಟ... ಒಂದು ಮಾತೂ ಹೇಳದೆ! ಕಣ್ಣೊರೆಸುತ್ತ ಮನೆಗೆ ಬಂದರೆ ಅಂಗಳದ ತುಂಬ ಜನ. ನಡುವೆ ಚಿಕ್ಕಪ್ಪನ ಕೋಟು ತೊಟ್ಟು, ಬೆವರು ಸುರಿಸುತ್ತ ನಿಂತಿದ್ದ ಫಿಂಟನ್.

"ಎಲ್ಲಿ ಹೋಗಿದ್ದೆ ನೀನು?" ನೂಲಾ ಕೇಳಿದಳು.

"ರಸ್ತೆ ಸುತ್ತಿ ಬಂದೆ. ಪ್ರತಿ ಮನೇಲೂ ನಿಲ್ಸಿ ಎಲ್ಲಿಗೆ, ಯಾಕೆ ಅಂತ ಕೇಳಿದ್ರು. ಹೇಳ್ದೆ. ಎಲ್ರೂ ಹಿಂದೇನೇ ಬಂದ್ರು."

ಅಜ್ಜಿ ಬಾಗಿಲಲ್ಲೇ ನಕ್ಕಳು. "ನಾನೇ ಅಂದಿದ್ದು ಕಣೇ. ಸಂದಿಯಿಂದ ಬರೋನು ಗುದ್ದಲಿ ಕೇಳೋಕೆ ಬರ್ತಾನೆ. ಹುಡುಗೀನ ಕೇಳೋನು ಊರೆಲ್ಲ ನೋಡೋ ಹಾಗೆ ರಸ್ತೆಯಿಂದ ಬರ್ಬೇಕು. ಮೊದ್ಲು ಕೆಡವಿದ್ದನ್ನ ಕಟ್ಟಿ ಬಾ ಅಂದೆ."

ಫಿಂಟನ್ ಅವಳ ಧೂಳು ಹಿಡಿದ, ತರಚಿದ ಕೈಗಳನ್ನು ನೋಡಿ ಹಿಡಿದುಕೊಂಡ.

"ನನ್ನ ಮದ್ವೆ ಆಗ್ತೀಯಾ, ನೂಲಾ?"

"ಹೂಂ..." ಅವಳು ತಲೆ ತಗ್ಗಿಸಿದಳು. "ಆದ್ರೆ ನೀನು ಕಟ್ಟಿದ್ದನ್ನೆಲ್ಲ ನಾನು ಕೆಡವಿಬಿಟ್ಟೆ ಕಣೋ."

"ಕೆಡವಿದವರೇ ಕಟ್ಟಬೇಕು ಅಲ್ವಾ?"

"ಅದೊಂದನ್ನ ಮಾತ್ರ ನಾನು ಕಟ್ಟಲ್ಲ."