ಗಾಯಮುಖ ಘಾಟಿನ ಸೆಕೆಂಡ್ ಗೇರ್

ಬ್ರೇಕ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು.

ಗಾಯಮುಖ ಘಾಟ್. ಮಧ್ಯಾಹ್ನ ಹನ್ನೆರಡು. ಕಡಿದಾದ ಇಳಿಜಾರು. ಮುಂದೆ ಕಂಟೇನರ್ ಲಾರಿ... ಹಿಂದೆ ದೇವಾನಂದನ ಬಿಳಿ ಕಾರು.

ನನ್ನ ತೊಡೆಯ ಮೇಲೊಂದು ಫೈಲ್. ಕುರ್ಲಾದ ಒಂದು ಚಾಳಿನ ಅರವತ್ತು ಮನೆಗಳ ಅಸಲಿ ಕಾಗದ. ಬಿಲ್ಡರ್‌ನ ಬಲಗೈ ದೇವಾನಂದ ಅದನ್ನು ಕದ್ದಿದ್ದ. ವಸಾಯಿ ಕಡೆಯ ಅವನ ಫಾರ್ಮ್‌ಹೌಸಿಗೆ ನುಗ್ಗಿ ನಾನು ವಾಪಸ್ ಎತ್ಕೊಂಡು ಬಂದಿದ್ದೆ. ಪತ್ತೇದಾರಿಕೆ ನನ್ನ ಧಂದೆ, ನೋಡಿ.

ಜೀಪು ಓಡಿಸ್ತಿದ್ದವಳು ಗುರುಬಾಯಿ. ಅದೇ ಚಾಳಿನವಳು. ಊರು ವಿಜಯಪುರದ ಕಡೆ. ವಯಸ್ಸು ಐವತ್ತೆಂಟು. ಡೀಸೆಲ್ ಜೀಪಿಗೆ ಇಪ್ಪತ್ತಮೂರು.

"ನೀವು ಒಳಗ, ನಾ ಗೇಟಿನ ಕಡೆ ಇದ್ದಾಗ ಬ್ರೇಕ್ ಪೈಪ್ ಅರ್ಧ ಕೊಯ್ದಾರ. ಎಣ್ಣಿ ಸೋರಿ ಈಗ ಖಾಲಿ," ಅಂದಳು. ಚಹಾಕ್ಕೆ ಸಕ್ಕರೆ ಕಡಿಮೆ ಅನ್ನೋ ಹಾಗೆ.

ಎಂಜಿನ್ ಆರಿಸೋಕೆ ನಾನು ಕೀಗೆ ಕೈ ಹಾಕಿದೆ.

"ಕೈ ತಗೀರಿ, ಡಿಟೆಕ್ಟಿವ್ ಸಾಹೇಬ್ರ. ಸ್ಟೇರಿಂಗ್ ಲಾಕ್ ಆಗ್ತದ."

"ಹಂಗಾರ ನ್ಯೂಟ್ರಲ್..."

"ಅದನ್ನ ಹಾಕಿದ್ರ ಸೀದಾ ಲಾರಿಯೊಳಗ ಹೋಗ್ತೀವಿ. ಟಾಪ್ ಗೇರಿನ್ಯಾಗ ಹಳೇ ಡೀಸೆಲ್ ಎಂಜಿನ್ ಗಾಡಿ ತಡಿಯಂಗಿಲ್ಲ. ಕೆಳಗಿನ ಗೇರಿಗೆ ಎಳದ್ರ ಎಂಜಿನ್ನೇ ಬ್ರೇಕು. ಸುಮ್ಕ ಫೈಲ್ ಹಿಡ್ಕೊಂಡು ಕೂಡ್ರಿ."

ಕ್ಲಚ್. ಗೇರ್ ಹಲ್ಲು ಕೂಡಲೆಂದು ನ್ಯೂಟ್ರಲ್‌ನಲ್ಲಿ ಅರೆಕ್ಷಣ ಒಂದೇ ಒಂದು ರೇಸ್. ಮತ್ತೆ ಕ್ಲಚ್. ಥರ್ಡ್.

ಜೀಪು ಮೂತಿ ತಗ್ಗಿಸಿತು. ಅರವತ್ತಿದ್ದ ವೇಗ ನಲವತ್ತೈದಾಯಿತು.

ಲಾರಿಯ ಬೆನ್ನು ಹತ್ತಿರ... ಇನ್ನೂ ಹತ್ತಿರ...

"ಅಕ್ಕಾರ, ಲಾರಿ."

"ನನಗೂ ಕಣ್ಣದಾವ್ರಿ."

ಸೆಕೆಂಡ್. ಎಂಜಿನ್ ಕಿರುಚಿತು. ಗೇರ್‌ಬಾಕ್ಸ್ ಹಲ್ಲು ಕಡಿಯಿತು. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು.

ಮೂವತ್ತು... ಇಪ್ಪತ್ತು...

ಫಸ್ಟ್. ಹ್ಯಾಂಡ್‌ಬ್ರೇಕ್. ರಸ್ತೆ ಬದಿಯ ಮಣ್ಣಿನ ಗುಡ್ಡೆಗೆ ಮೂತಿ ಒತ್ತಿ ಜೀಪು ನಿಂತಿತು.

ದೇವಾನಂದ ಕಾರು ನಿಲ್ಲಿಸಿ ಇಳಿದ. ಎರಡು ಹೆಣ ನೋಡೋಕೆ ಬಂದವನ ಮುಖ ಸಣ್ಣದಾಗಿತ್ತು. ಕೈಯಲ್ಲಿ ಚಾಕು.

"ಫೈಲ್ ಕೊಡು, ಶ್ರೀಶೈಲ."

"ಬಂದು ತಗೋ."

ಬಂದ. ಜೀಪಿನ ಬಾಗಿಲನ್ನು ಒಳಗಿಂದ ಜೋರಾಗಿ ಒದ್ದೆ. ಅವನ ಮೊಣಕಾಲಿಗೆ ಬಡಿಯಿತು. ಚಾಕು ಜಾರಿತು. ಉಳಿದದ್ದನ್ನು ನನ್ನ ಮುಷ್ಟಿ ಮುಗಿಸಿತು.

ಗುರುಬಾಯಿ ಹಗ್ಗ ತಂದು ಅವನ ಕೈ ಕಟ್ಟಿದಳು.

"ಭಾಳ ಗಟ್ಟಿ ಆಳು ನೀವು," ಅಂದಳು ನನಗೆ. "ಹಣಿ ಒರಸ್ಕೋರಿ. ರಕ್ತ ಬರಾಕತ್ತದ."

ದೇವಾನಂದನನ್ನು ಹಿಂದಿನ ಸೀಟಿಗೆ ತಳ್ಳಿ, ಅವನ ಕಾರಲ್ಲೇ ಪೊಲೀಸ್ ಠಾಣೆಗೆ ಹೊರಟೆವು. ಸ್ಟೇರಿಂಗ್ ಮುಂದೆ ಕೂತ ಗುರುಬಾಯಿ ಎಡಗಾಲಲ್ಲಿ ಏನೋ ತಡಕಾಡಿದಳು.

"ಇದಕ್ಕ ಕ್ಲಚ್ಚ ಇಲ್ಲಲ್ರೀ."

"ಆಟೋಮ್ಯಾಟಿಕ್ ಐತಿ, ಅಕ್ಕಾರ. ಈ ಕಡೆ ಬರ್ರಿ, ನಾ ಓಡಿಸ್ತೀನಿ."

ಬ್ರೇಕಿಲ್ಲದ ಘಾಟಿನಲ್ಲಿ ರೆಪ್ಪೆ ಮಿಟುಕಿಸದ ಹೆಂಗಸು... ನಾನು ಸ್ಟೇರಿಂಗ್ ಹಿಡಿದ ಕೂಡಲೇ ಸೀಟ್ ಬೆಲ್ಟ್ ಹಾಕ್ಕೊಂಡಳು.